ಗಿರಿಜಳ ಸ್ಕ್ರೂ ಪಟ್ಟಿ ಹೊತ್ತು ಜರ್ಮನಿಗೆ

ವಿದೇಶಕ್ಕೆ ಹೋಗಿಬಂದವರು ಮೊದಲು ವಿಮಾನದ ಕಿಟಕಿಯಿಂದ ಕಂಡ ಮೋಡಗಳ ಬಗ್ಗೆ ಬರೆಯುತ್ತಾರೆ. ನನಗೆ ಕಿಟಕಿ ಸಿಗಲಿಲ್ಲ. ಎಡಕ್ಕೊಬ್ಬ ಬಲಕ್ಕೊಬ್ಬ ಭಾರೀ ಆಳುಗಳ ನಡುವೆ, ತೊಡೆಯ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿ ಇಟ್ಟುಕೊಂಡು, ಮೊಣಕೈ ಎಲ್ಲಿಡಬೇಕೆಂದು ತಿಳಿಯದೆ ಜರ್ಮನಿ ತಲುಪಿದವನು ನಾನು. ಮೋಡ ಬೇಕಾದವರು ಬೇರೆಯವರನ್ನು ಕೇಳಿಕೊಳ್ಳಿ.

ಈ ಬರಹಕ್ಕಾಗಿ ಮತ್ತಿಕೆರೆಯ ನಮ್ಮ ಕನ್ನಡ ಸಂಘದವರು ಮೂರು ವರ್ಷದಿಂದ ನನ್ನ ಬೆನ್ನು ಹತ್ತಿದ್ದಾರೆ. "ಇಡೀ ಬೀದೀಲಿ ಫಾರಿನ್ ನೋಡಿರೋರು ನೀವೊಬ್ರೇ ಕಣ್ರೀ. ರಾಜ್ಯೋತ್ಸವದ ಪುಸ್ತಕಕ್ಕೆ ಒಂದಷ್ಟು ಹಾಳೆ ಬರ್ಕೊಡಿ" ಎಂದು ಅವರು ಕೇಳುವುದು, ನಾನು ತಪ್ಪಿಸಿಕೊಳ್ಳುವುದು. ಓದಿದ್ದು ಏಳನೇ ಕ್ಲಾಸು ಎಂಬ ನೆಪ ನನಗಿತ್ತು. ಈ ಸಲ ತಂಗಿ ಗಿರಿಜ ಆ ನೆಪವನ್ನೂ ಕಿತ್ತುಕೊಂಡಳು. "ನೀನು ಬರೀತಾ ಹೋಗಣ್ಣ. ಒಂದೊಂದೇ ಹಾಳೆ ಕೊಡು, ನಾನು ನೀಟಾಗಿ ನಕಲು ಮಾಡ್ತೀನಿ" ಎಂದಳು. ಅವಳು ಎಸ್ಸೆಸ್ಸೆಲ್ಸಿ ಪಾಸು. ಈಗ ಒಳಕೋಣೆಯಲ್ಲಿ ಪೆನ್ನಿಗೆ ಇಂಕು ತುಂಬಿಕೊಂಡು ಕೂತಿದ್ದಾಳೆ. ನಾನು ಹೊರಗೆ ಕೂತು ಬೆವರುತ್ತಿದ್ದೇನೆ.

ಮತ್ತಿಕೆರೆ

ಬಣ್ಣದ ಟೀವಿ ಬಂದ ಹೊಸತು. ದಾಸರಹಳ್ಳಿ ಆಚೆಯ ಒಂದು ಟೀವಿ ಕಾರ್ಖಾನೆಯಲ್ಲಿ ಗಿರಿಜ ಕೆಲಸಕ್ಕಿದ್ದಳು. ಟೀವಿಯ ಹಿಂಬದಿಯ ಮುಚ್ಚಳಕ್ಕೆ ಸ್ಕ್ರೂ ಹಾಕುವುದು ಅವಳ ಪಾಲಿನ ಕೆಲಸ. ಗಾಳಿಯ ಒತ್ತಡದಿಂದ ತಿರುಗುವ ಸ್ಕ್ರೂ ಡ್ರೈವರು ಮೇಲಿನಿಂದ ನೇತಾಡುತ್ತಿರುತ್ತದೆ. ಅದನ್ನು ಎಳೆದುಕೊಂಡು ಒತ್ತಿದರೆ ಸ್ಕ್ರೂ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಹೋಗುತ್ತದೆ. ಆದರೆ ಆ ಸ್ಕ್ರೂವನ್ನು ಡಬ್ಬಿಯಿಂದ ಆರಿಸಿ, ನೆಟ್ಟಗೆ ನಿಲ್ಲಿಸಿ, ಬೆರಳಲ್ಲಿ ಹಿಡಿದುಕೊಳ್ಳಬೇಕಾದವಳು ಇವಳು. ದಿನವಿಡೀ ಅದೇ. ಸಂಜೆ ಮನೆಗೆ ಬಂದು ಅನ್ನಕ್ಕೆ ಸಾರು ಕಲಸಿದರೆ ಬೆರಳ ತುದಿಯ ಗೀರುಗಳಿಗೆ ಖಾರ ತಾಗಿ ಹಾ ಎನ್ನುತ್ತಿದ್ದಳು. ಆಮೇಲೆ ಚಮಚದಲ್ಲಿ ಉಣ್ಣಲು ಶುರುಮಾಡಿದಳು.

ಸ್ಕ್ರೂಗಳು ತಾವಾಗಿಯೇ ಒಂದರ ಹಿಂದೆ ಒಂದು ಬರುವ ಹಾಗೆ ಒಂದು ಪಟ್ಟಿ ಮಾಡಬೇಕೆಂದು ಅವಳಿಗೆ ಹೊಳೆದದ್ದು ಹಾಗೆ. ಮೊದಲು ಒಡೆದ ಪ್ಲಾಸ್ಟಿಕ್ ಚೊಂಬನ್ನು ಕತ್ತರಿಸಿ ತೂತು ಕೊರೆದಳು. ತೂತು ದೊಡ್ಡದಾದರೆ ಸ್ಕ್ರೂ ಉದುರುತ್ತಿತ್ತು, ಚಿಕ್ಕದಾದರೆ ಪಟ್ಟಿಯನ್ನು ಬಿಟ್ಟೇ ಹೋಗುತ್ತಿರಲಿಲ್ಲ. ತೂತಿನ ಸುತ್ತ ನಾಲ್ಕು ಸೀಳು ಹಾಕಿದಳು. ಒತ್ತಿದಾಗ ಅದು ನಾಲ್ಕು ಎಸಳಾಗಿ ತೆರೆದು ಸ್ಕ್ರೂವನ್ನು ಬಿಟ್ಟುಕೊಟ್ಟಿತು. ಆದರೆ ಸ್ಕ್ರೂ ವಾಲುತ್ತಿತ್ತು. ಒಂದೇ ಕಡೆ ಹಿಡಿದರೆ ಯಾವುದೂ ನೆಟ್ಟಗೆ ನಿಲ್ಲುವುದಿಲ್ಲ ಎಂದು ಕೆಳಗೆ ಇನ್ನೊಂದು ಸಾಲು ಎಸಳು ಸೇರಿಸಿದಳು. ಹೀಗೆ ಎರಡಂತಸ್ತಿನ ಪಟ್ಟಿಯಾಯಿತು. ಅಂಚಿಗೆ ಗರಗಸದ ಹಾಗೆ ಹಲ್ಲು ಬಂತು. ಸ್ಕ್ರೂ ಡ್ರೈವರಿನ ತುದಿಗೆ ಯಶವಂತಪುರದ ತಗಡಿನ ಕೆಲಸದ ರಹಮತ್ ಭಾಯ್ ಒಂದು ಮೂತಿ ಮಾಡಿಕೊಟ್ಟರು. ಪ್ರತಿ ಸಲ ಒತ್ತಿ ಬಿಟ್ಟಾಗ ಆ ಮೂತಿಯೊಳಗಿನ ಕೊಕ್ಕೆ ಹಲ್ಲನ್ನು ಹಿಡಿದು ಮುಂದಿನ ಸ್ಕ್ರೂವನ್ನು ಎಳೆದುಕೊಳ್ಳುತ್ತಿತ್ತು.

ಇದರಲ್ಲಿ ನನ್ನ ಪಾಲೇನು? ಮನೆಯ ಹಿಂದಿನ ಶೆಡ್ಡಿನಲ್ಲಿ ನನ್ನದೊಂದು ಕೈಯಲ್ಲಿ ಒತ್ತುವ ಮೋಲ್ಡಿಂಗ್ ಮೆಷಿನ್ನು, ಬಾಟಲಿ ಮುಚ್ಚಳ ಮಾಡುವುದು. ಪಟ್ಟಿಯ ಡೈಯನ್ನು, ಎಂದರೆ ಅಚ್ಚನ್ನು, ಅವಳೇ ಅರ ಹಿಡಿದು ಉಜ್ಜಿ ತಿದ್ದುತ್ತಿದ್ದಳು. ನಾನು ಪ್ಲಾಸ್ಟಿಕ್ಕು ಕರಗಿಸಿ ಒತ್ತಿಕೊಡುತ್ತಿದ್ದೆ. ಅದನ್ನೂ ಗೊಣಗದೆ ಮಾಡಲಿಲ್ಲ.

"ಇನ್ನೊಂದೇ ಒಂದ್ ಸಲ ಒತ್ಕೊಡಣ್ಣ."

"ಹತ್ತನೇ ಸಲ ಕಣೇ ಇದು! ಬಾಟ್ಲಿ ಮುಚ್ಚಳ ಯಾರ್ ಮಾಡ್ತಾರೆ, ನಿಮ್ಮಜ್ಜಿನಾ?"

"ನಮ್ಮಜ್ಜಿ ನಿನಗೇನಾಗ್ಬೇಕು?"

ಅವಳ ಕಾರ್ಖಾನೆಗೆ ಒಂದು ಯಂತ್ರ ಕೂರಿಸಲು ಬಂದಿದ್ದ ವೇಬರ್ ಎಂಬ ಜರ್ಮನ್ ಎಂಜಿನಿಯರು ಈ ಪಟ್ಟಿಯನ್ನು ನೋಡಿ ಊಟದ ಬೆಲ್ಲು ಹೊಡೆದದ್ದನ್ನೂ ಮರೆತು ನಿಂತನಂತೆ. ಊರಿಗೆ ಹೋದ ಮೇಲೆ ಕಾಗದ ಬರೆದ. ಅವನ ಕಂಪನಿಯವರು ಪಟ್ಟಿಯನ್ನು ನೋಡಬೇಕಂತೆ, ಒಬ್ಬರು ಮಾದರಿ ತೆಗೆದುಕೊಂಡು ಬರಬೇಕಂತೆ.

ಒಬ್ಬರು ಎಂದರೆ ಯಾರು ಎಂಬುದರಲ್ಲಿ ಅನುಮಾನವೇ ಇರಬಾರದಿತ್ತು. ಆದರೆ ಅಮ್ಮ, "ಮದುವೆ ಆಗದ ಹುಡುಗಿ, ಒಬ್ಬಳೇ ಅಷ್ಟು ದೂರ ಹೆಂಗೆ?" ಎಂದರು. ನಾನು ಅವಳ ಪರವಾಗಿ ಬಾಯಿ ಬಿಟ್ಟಿದ್ದರೆ ಅಮ್ಮ ಒಪ್ಪುತ್ತಿದ್ದರು. ನಾನು ಬಿಟ್ಟ ಬಾಯಲ್ಲಿ ಬಂದದ್ದು, "ಹೌದು, ಹೆಂಗೆ?" ಎಂಬುದು. ನನಗೆ ವಿಮಾನ ಹತ್ತುವ ಆಸೆ ಹುಟ್ಟಿಬಿಟ್ಟಿತ್ತು.

ರೈಲ್ವೆ ಸ್ಟೇಷನ್ನಿನಲ್ಲಿ ಗಿರಿಜ ಎರಡು ಮಾತು ಹೇಳಿದಳು. ಪಟ್ಟಿಗಳನ್ನಿಟ್ಟಿದ್ದ ಬಿಸ್ಕತ್ತಿನ ಡಬ್ಬಿ ತೋರಿಸಿ, "ಒಣ ಬಟ್ಟೇಲಿ ಸುತ್ತಿದೀನಿ. ಏನೂ ಹಚ್ಚಬೇಡ." ಸುರುಳಿ ಸುತ್ತಿದ ನಕ್ಷೆ ತೋರಿಸಿ, "ಇದರ ಕೆಳಗಡೆ ನನ್ನ ಹೆಸರು ಬರ್ದಿದೀನಿ. ಅವರು ಬೇರೆ ನಕ್ಷೆ ಬರ್ಕೊಂಡ್ರೆ ಅದರಲ್ಲೂ ಹೆಸರಿದ್ಯಾ ನೋಡು. ಇನ್ನೇನೂ ಬೇಡ ನನಗೆ."

ಎರಡೇ ಮಾತು. ಎರಡು ಮಾತನ್ನು ನೆನಪಿಡಲು ಏಳನೇ ಕ್ಲಾಸು ಸಾಕಲ್ಲವೇ?

ಮುಂಬಯಿ

ವಿಮಾನಕ್ಕೆ ಎರಡು ದಿನ ಮುಂಚೆಯೇ ಹೋಗಿ ಪರಿಚಯದವರ ಕೋಣೆಯಲ್ಲಿ ಉಳಿದೆ. ಆ ಊರಿನ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಎರಡನೇ ದಿನ ಡಬ್ಬಿ ತೆರೆದರೆ ಒಂದು ಸ್ಕ್ರೂವಿನ ತಲೆಯ ಮೇಲೆ ಎಳ್ಳುಕಾಳಿನಷ್ಟು ತುಕ್ಕು. ಕಬ್ಬಿಣಕ್ಕೆ ತುಕ್ಕು ಬಂದರೆ ಎಣ್ಣೆ ಹಚ್ಚಬೇಕು, ಇದು ಯಾರಿಗೆ ಗೊತ್ತಿಲ್ಲ? ಕೈಗೆ ಸಿಕ್ಕಿದ್ದು ತಲೆಗೆಂದು ಅಮ್ಮ ಕಟ್ಟಿಕೊಟ್ಟಿದ್ದ ತೆಂಗಿನೆಣ್ಣೆ. ಸೆಕೆಗೆ ನೀರಿನ ಹಾಗಿತ್ತು. ನಲವತ್ತು ಸ್ಕ್ರೂಗಳ ನಾಲ್ಕು ಸುರುಳಿಗೂ, ಎಸಳು ಎಸಳಿಗೂ, ಹಲ್ಲು ಹಲ್ಲಿಗೂ ಪ್ರೀತಿಯಿಂದ ಹಚ್ಚಿದೆ. ಅರ್ಧ ಬಾಟಲಿ ಖರ್ಚಾಯಿತು.

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ಡಬ್ಬಿಯೊಳಗೆ ಕೈ ಹಾಕಿ ಒಂದು ಸುರುಳಿ ಎತ್ತಿ ಹಿಡಿದ. ಅದು ಉದ್ದಕ್ಕೆ ಬಿಚ್ಚಿಕೊಂಡು ಎಣ್ಣೆ ತೊಟ್ಟಿಕ್ಕಿಸುತ್ತ ತೂಗಾಡಿತು. ನೋಡಿದವರು ಯಾರಾದರೂ ಮೆಷಿನ್ ಗನ್ನಿನ ಗುಂಡಿನ ಸರ ಎಂದೇ ಹೇಳಬೇಕು. ಹಿಂದೆ ನಿಂತಿದ್ದ ಹೆಂಗಸು ಮಗುವನ್ನು ಎಳೆದುಕೊಂಡು ಬೇರೆ ಸಾಲಿಗೆ ಹೋದಳು.

"ಯೇ ಕ್ಯಾ ಹೈ?"

"ಸ್ಕ್ರೂ, ಸಾರ್."

"ಸ್ಕ್ರೂಗೆ ಸರ ಯಾಕೆ?" ಎಂದು ಹಿಂದಿಯಲ್ಲಿ ಕೇಳಿದ. ನನ್ನ ಹಿಂದಿ ಯಶವಂತಪುರದ ಸಂತೆಯ ಹಿಂದಿ, ಈರುಳ್ಳಿ ಚೌಕಾಸಿಗೆ ಸಾಕು, ಇದಕ್ಕೆ ಸಾಲದು. ಟೀವಿ, ಮುಚ್ಚಳ, ತಂಗಿ, ಬೆರಳು ಎಂದು ಅಭಿನಯಿಸಿದೆ. ಕೊನೆಗೆ ಅವನ ಮೇಜಿನ ಮರಕ್ಕೇ ಒಂದು ಸ್ಕ್ರೂ ತಿರುಗಿಸಿ ತೋರಿಸಿದೆ. ಅವನು ಕೈ ಮೂಸಿ ನೋಡಿಕೊಂಡ. "ಗುಂಡಿಗೆ ಯಾರೂ ತಲೆಗೆಣ್ಣೆ ಹಚ್ಚೋದಿಲ್ಲ, ಹೋಗು" ಎಂದು ಬಿಟ್ಟುಬಿಟ್ಟ. ಆ ಎಣ್ಣೆ ನನ್ನನ್ನು ಕಾಪಾಡಿದ್ದು ಅದೊಂದೇ ಸಲ.

ಫ್ರಾಂಕ್‌ಫರ್ಟಿನಿಂದ ವೇಬರನ ಊರಿಗೆ

ಜರ್ಮನಿಯ ಮೊದಲ ಕಿರಿಕಿರಿ ಮೌನ. ಅಷ್ಟು ದೊಡ್ಡ ನಿಲ್ದಾಣ, ಅಷ್ಟೊಂದು ಜನ, ಒಬ್ಬರೂ ಒಬ್ಬರನ್ನು ಕೂಗುವುದಿಲ್ಲ. ನಮ್ಮ ಮೆಜೆಸ್ಟಿಕ್ಕಿನಲ್ಲಿ ಕಳೆದುಹೋಗಬೇಕೆಂದರೂ ಆಗುವುದಿಲ್ಲ, "ಎಲ್ಲಿಗೆ ಸಾರ್? ಹೆಬ್ಬಾಳಾನಾ? ಹತ್ತಿ ಹತ್ತಿ" ಎಂದು ಯಾರಾದರೂ ತೋಳು ಹಿಡಿಯುತ್ತಾರೆ. ಇಲ್ಲಿ ನಾನು ತಪ್ಪು ಬಾಗಿಲಲ್ಲಿ ಒಂದು ಗಂಟೆ ನಿಂತಿದ್ದರೂ ಯಾರೂ ಏನೂ ಕೇಳಲಿಲ್ಲ. ಕೊನೆಗೆ ವೇಬರನೇ ಹುಡುಕಿಕೊಂಡು ಬಂದ. ನನ್ನನ್ನು ನೋಡಿದ ಮೇಲೂ ನನ್ನ ಹಿಂದೆ ಇನ್ನೊಬ್ಬರಿಗಾಗಿ ಹುಡುಕಿದ. "ಸಿಸ್ಟರ್?" ಎಂದ. "ನೋ ಸಿಸ್ಟರ್. ಐ ಬ್ರದರ್" ಎಂದೆ. ಅವನ ಮುಖ ಸ್ವಲ್ಪ ಇಳಿಯಿತು. ಚಳಿಗೆ ಇರಬೇಕು ಎಂದುಕೊಂಡೆ.

ಎರಡನೇ ಕಿರಿಕಿರಿ ಊಟ. ವೇಬರನ ಮನೆಯಲ್ಲಿ ಸಂಜೆ ಆರಕ್ಕೆ ತಣ್ಣಗಿನ ಬ್ರೆಡ್ಡು, ತಣ್ಣಗಿನ ಬೆಣ್ಣೆ, ತಣ್ಣಗಿನ ಸೌತೆಕಾಯಿ. ಹೊರಗೆ ಹಿಮ ಬೀಳುತ್ತಿದೆ, ಒಳಗೆ ಮೂರು ಒಲೆ ಇದೆ, ಒಂದನ್ನೂ ಹಚ್ಚುವುದಿಲ್ಲ! ಮೂರನೆಯದು ಗಡಿಯಾರ. ಕಾರ್ಖಾನೆಗೆ ಬೆಳಿಗ್ಗೆ ಏಳಕ್ಕೆ ಹೊರಡಬೇಕು ಎಂದ. ನಮ್ಮಲ್ಲಿ ಏಳು ಎಂದರೆ ಏಳೂವರೆಗೆ ಚಪ್ಪಲಿ ಹುಡುಕಲು ಶುರುಮಾಡುತ್ತೇವೆ. ಇವನು ಆರೂ ಐವತ್ತಕ್ಕೆ ಕಾರಿನಲ್ಲಿ ಕೂತು ಹತ್ತು ನಿಮಿಷ ಸುಮ್ಮನೆ ಕಾದ.

ಬಿಸ್ಕತ್ತಿನ ಡಬ್ಬಿಯನ್ನು ಆ ರಾತ್ರಿ ಅವನ ಕಾರಿನ ಡಿಕ್ಕಿಯಲ್ಲೇ ಬಿಟ್ಟಿದ್ದೆ.

ಕಾರ್ಖಾನೆ, ಮೊದಲ ದಿನ

ನನ್ನ ಇಂಗ್ಲಿಷೂ ಅವರ ಇಂಗ್ಲಿಷೂ ಎಲ್ಲೂ ಸೇರುವುದಿಲ್ಲವೆಂದು ಮೊದಲೇ ತಿಳಿದು ವೇಬರ್ ಒಬ್ಬರನ್ನು ಕರೆಸಿದ್ದ. ಆ ಊರಿನ ಆಸ್ಪತ್ರೆಯ ನರ್ಸು, ಕೇರಳದ ಅಣ್ಣಮ್ಮ ಸಿಸ್ಟರ್. ನರ್ಸಿಂಗ್ ಓದಿದ್ದು ಬೆಂಗಳೂರಿನಲ್ಲಿ, ಆರ್.ಟಿ. ನಗರದಲ್ಲಿ ನಾಲ್ಕು ವರ್ಷ ಬಾಡಿಗೆ ಕೋಣೆಯಲ್ಲಿದ್ದರಂತೆ. ಕೋಟು, ಟೊಪ್ಪಿ, ಕೈಗವಸುಗಳ ಒಳಗಿನಿಂದ "ಊಟ ಆಯ್ತಾ ಬ್ರದರ್?" ಎಂಬ ಮಾತು ಬಂದಾಗ ನನಗೆ ಅಳುವೇ ಬಂತು.

ಪರೀಕ್ಷೆ ಇಟ್ಟಿದ್ದು ಪೆಟ್ಟಿಗೆ ಕಟ್ಟುವ ಶೆಡ್ಡಿನಲ್ಲಿ. ಒಳಗೂ ಹೊರಗೂ ಒಂದೇ ಚಳಿ. ಮ್ಯಾನೇಜರು, ವೇಬರು, ತಲೆ ಪೂರ್ತಿ ನರೆತ ಒಬ್ಬ ಹಳೇ ಕೆಲಸಗಾರ, ಮೂವರೂ ಕೈಕಟ್ಟಿ ನಿಂತರು. ರಹಮತ್ ಭಾಯ್ ಮಾಡಿಕೊಟ್ಟ ಮೂತಿಯನ್ನು ಅವರ ಸ್ಕ್ರೂ ಡ್ರೈವರಿಗೆ ಸಿಕ್ಕಿಸಿ, ಡಬ್ಬಿಯ ಮುಚ್ಚಳ ತೆಗೆದೆ.

ಸುರುಳಿಗಳ ಮೇಲೆಲ್ಲ ಬೆಳ್ಳಗೆ ಮೇಣದ ಹಾಗೆ ಏನೋ ಕೂತಿತ್ತು. ಏನೆಂದು ಹೊಳೆಯಲಿಲ್ಲ. ಒರೆಸಲು ಪುರುಸೊತ್ತೂ ಕೊಡಲಿಲ್ಲ ಅವರ ಗಡಿಯಾರ. ಮೊದಲನೇ ಸ್ಕ್ರೂ ಹೋಯಿತು. ಎರಡನೆಯದು ಕುಡುಕನ ಹಾಗೆ ವಾಲಿ ಹೋಯಿತು. ಮೂರನೆಯದು ಬರಲೇ ಇಲ್ಲ. ಹಲ್ಲುಗಳೆಲ್ಲ ಆ ಬಿಳಿಯದರಲ್ಲಿ ಮುಚ್ಚಿಹೋಗಿ ಕೊಕ್ಕೆ ಸುಮ್ಮನೆ ಜಾರುತ್ತಿತ್ತು. ಎಳೆದೆ, ಬಡಿದೆ. ಆಮೇಲೆ ಮೂತಿಯೇ ಕಟ್ಟಿಕೊಂಡಿತು.

ಮ್ಯಾನೇಜರು ಏನೋ ಕೇಳಿದ. "ಇದು ಯಾರು ಮಾಡಿದ್ದು ಅಂತ ಕೇಳ್ತಿದ್ದಾರೆ" ಎಂದರು ಸಿಸ್ಟರ್.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ನನ್ನ ತಂಗಿ. ನಾನು ಬೇಡ ಬೇಡ ಅಂದೆ. ಮನೇಲಿ ಕೂತು ಅವಳೇ ಏನೋ ಮಾಡ್ಕೊಂಡಿದ್ದು."

ಅಷ್ಟರಲ್ಲಿ ಹಳೇ ಕೆಲಸಗಾರ ಬೆರಳಿನಿಂದ ಆ ಬಿಳಿಯದನ್ನು ಕೆರೆದು ಮೂಸಿ ಸಿಸ್ಟರ್ ಕಡೆಗೆ ಚಾಚಿದ. ಅವರು ಕೈಗವಸು ತೆಗೆದು ಮುಟ್ಟಿದರು, ಮೂಗಿಗೆ ಹಿಡಿದರು, ಕಣ್ಣು ಮುಚ್ಚಿದರು. ಆಮೇಲೆ ಅವರು ನಕ್ಕ ನಗುವಿಗೆ ಶೆಡ್ಡಿನ ಆ ತುದಿಯವರೆಲ್ಲ ತಿರುಗಿ ನೋಡಿದರು.

"ಅಯ್ಯೋ ನನ್ ದೇವ್ರೇ! ತೆಂಗಿನೆಣ್ಣೆ! ಎಷ್ಟ್ ವರ್ಷ ಆಯ್ತು ಈ ವಾಸನೆ ನೋಡಿ! ಚಳಿಗೆ ಗಟ್ಟಿ ಆಗಿದೆ ಬ್ರದರ್. ಬೆಂಗಳೂರಲ್ಲೂ ಜನವರೀಲಿ ಬಾಟ್ಲಿ ಬಿಸಿಲಿಗೆ ಇಡ್ತಿದ್ವಲ್ಲ, ನೆನಪಿಲ್ವಾ?"

ನೆನಪಿಲ್ಲದೆ ಏನು? ಪ್ರತಿ ಚಳಿಗಾಲದಲ್ಲೂ ನಮ್ಮ ಮನೆಯ ಕಾಂಪೌಂಡಿನ ಮೇಲೆ ಬಾಟಲಿ ಇಡುವವನು ನಾನೇ.

"ಯಾರ್ ಹಚ್ಚಿದ್ದು ಇದನ್ನ?"

"ತಂಗಿ" ಎಂದೆ.

ಹೇಳುವಾಗ ನನ್ನ ನಾಲಿಗೆ ತೊದಲಲೂ ಇಲ್ಲ.

ಸಿಸ್ಟರ್ ಮನೆಯಲ್ಲಿ

ಸುರುಳಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ನಾಳೆ ನೋಡೋಣ ಎಂದಾಯಿತು. ಸಂಜೆ ಸಿಸ್ಟರ್ ತಮ್ಮ ಮನೆಗೆ ಕರೆದುಕೊಂಡು ಹೋಗಿ ಅನ್ನ, ಮೀನಿನ ಸಾರು ಬಡಿಸಿದರು. ನಾನು ಮೂರು ಸಲ ಹಾಕಿಸಿಕೊಂಡೆ. ಗೋಡೆಯ ಮೇಲೆ ಊರಿನ ಮನೆಯ ಫೋಟೋ ಇತ್ತು. ತಾರಸಿ ಮನೆ, ದೊಡ್ಡ ಗೇಟು.

"ಚೆನ್ನಾಗಿದೆ ಸಿಸ್ಟರ್ ನಿಮ್ಮನೆ."

"ನಾನೇ ಕಟ್ಟಿಸಿದ್ದು. ಹನ್ನೊಂದು ವರ್ಷ ನೈಟ್ ಡ್ಯೂಟಿ ಮಾಡಿ." ಅವರು ಸಾರು ಬಡಿಸುತ್ತಲೇ ಹೇಳಿದರು. "ಗೇಟ್ ಮೇಲೆ ಬೋರ್ಡ್ ಕಾಣುತ್ತಲ್ಲ? ಅದು ನಮ್ಮಣ್ಣನ ಹೆಸರು."

"ಹೋಗ್ಲಿ ಬಿಡಿ, ಅಣ್ಣ ತಾನೇ" ಎಂದೆ, ಮೀನಿನ ಮುಳ್ಳು ಬಿಡಿಸುತ್ತ.

ಅವರು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದರು.

ಕಾರ್ಖಾನೆ, ಎರಡನೇ ದಿನ

ಹಳೇ ಕೆಲಸಗಾರ ತಾನೇ ಸ್ಕ್ರೂ ಡ್ರೈವರು ಹಿಡಿದ. ಗಿರಿಜಳ ಪಟ್ಟಿ ಮೂತಿಯೊಳಗೆ ಹೊಕ್ಕಿತು. ಟರ್ರ್, ಟಕ್. ಟರ್ರ್, ಟಕ್. ಕೊಕ್ಕೆ ಹಲ್ಲು ಹಿಡಿಯಿತು, ಎಸಳು ಬಿಚ್ಚಿತು, ಸ್ಕ್ರೂ ಹಲಗೆಗೆ ಇಳಿಯಿತು, ಮುಂದಿನದು ಬಂದು ನೆಟ್ಟಗೆ ನಿಂತಿತು. ನಲವತ್ತಕ್ಕೆ ನಲವತ್ತೂ ಹೋದವು, ಒಂದೂ ವಾಲಲಿಲ್ಲ. ಖಾಲಿ ಪಟ್ಟಿ ಇನ್ನೊಂದು ಬದಿಯಲ್ಲಿ ರಿಬ್ಬನ್ನಿನ ಹಾಗೆ ಇಳಿಬಿದ್ದಿತ್ತು. ಮುದುಕ ತನ್ನ ಹೆಬ್ಬೆರಳು, ತೋರುಬೆರಳು ಎತ್ತಿ ತೋರಿಸಿದ. ತುದಿಯಲ್ಲಿ ಗಿರಿಜಳಿಗಿದ್ದಂಥದೇ ಗೀರುಗಳು. ಸಾರು ಉಣ್ಣದವನಿಗೂ ಅವು ಉರಿಯುತ್ತಿದ್ದಿರಬೇಕು.

ಮ್ಯಾನೇಜರು ಕಟ್ಟಿದ ಕೈ ಬಿಚ್ಚಿ ಪಟ್ಟಿಯನ್ನು ಬೆಳಕಿಗೆ ಹಿಡಿದ. ಎರಡನೇ ಸಾಲಿನ ಎಸಳನ್ನು ಉಗುರಿನಿಂದ ಮುಟ್ಟಿ ಕೇಳಿದ. ಸಿಸ್ಟರ್ ನನಗೆ ಹೇಳಿದರು: "ಎರಡು ಕಡೆ ಹಿಡೀಬೇಕು ಅಂತ ಯಾರಿಗೆ ಹೊಳೀತು ಅಂತ ಕೇಳ್ತಾರೆ. ಹೊಸ ನಕ್ಷೆ ಮಾಡ್ತಾರಂತೆ, ಅದರಲ್ಲಿ ಹೆಸರು ಹಾಕ್ಬೇಕಂತೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

"ನನಗೆ" ಎಂದೆ.

"ನಿನ್ನೆ ತಂಗಿ ಅಂದ್ರಲ್ಲ?"

"ಎಣ್ಣೆ ಹಚ್ಚಿದ್ದು ತಂಗಿ. ಪಟ್ಟಿ ನಂದು."

ಸಿಸ್ಟರ್ ನನ್ನ ಮುಖವನ್ನೇ ನೋಡಿದರು. ಜ್ವರ ನೋಡುವ ನರ್ಸಿನ ನೋಟ ಅದು. "ಹಾಗೇ ಹೇಳ್ಲಾ ಬ್ರದರ್?"

"ಹಾಗೇ ಹೇಳಿ."

ಅವರು ತಿರುಗಿ ಮಾತಾಡಿದರು. ತುಂಬ ಹೊತ್ತು ಮಾತಾಡಿದರು. ನಾನು ಎರಡು ಮಾತು ಹೇಳಿದರೆ ಈ ದರಿದ್ರ ಭಾಷೆಯಲ್ಲಿ ಇಪ್ಪತ್ತು ಮಾತಾಗುತ್ತದಲ್ಲ ಎಂದು ಬೇಸರವಾಯಿತು. ನಡುವೆ ಮುದುಕ ನನ್ನತ್ತ ನೋಡಿ ನಕ್ಕ. ಮ್ಯಾನೇಜರು ತಲೆಯಾಡಿಸಿ ಗಿರಿಜಳ ನಕ್ಷೆಯ ಮೇಲೆ ಏನೋ ಬರೆದು ಒಳಗೆ ಕಳಿಸಿದ. ಹೊರಡುವಾಗ ಮುದುಕ ಮೆಷಿನ್ ಎಣ್ಣೆಯ ಒಂದು ಪುಟ್ಟ ಡಬ್ಬಿ ತಂದು ನನ್ನ ಕೈಗಿಟ್ಟು ಬೆನ್ನು ತಟ್ಟಿದ. ವಿದೇಶದವರು ಎಂಥ ಉಡುಗೊರೆ ಕೊಡುತ್ತಾರಪ್ಪ ಎಂದುಕೊಂಡೆ.

ಮತ್ತೆ ಮತ್ತಿಕೆರೆ

ಮನೆಗೆ ಬಂದ ದಿನ ಗಿರಿಜ ಕೇಳಿದ್ದೂ ಆ ಎರಡೇ ಮಾತು.

"ಏನೂ ಹಚ್ಚಿರ್ಲಿಲ್ಲ ತಾನೇ?"

"ಇಲ್ಲ."

"ಹೆಸರು?"

"ಬರ್ಕೊಂಡ್ರು."

ಆಮೇಲಿನ ಮೂರು ತಿಂಗಳು ನಾನು ಪೋಸ್ಟ್‌ಮ್ಯಾನಿನ ಸೈಕಲ್ ಬೆಲ್ಲಿಗೆ ಬೆಚ್ಚಿಬಿದ್ದೆ. ಕಾಗದವನ್ನು ನಾನೇ ಮೊದಲು ಹಿಡಿದು ಬಚ್ಚಿಡಬೇಕು ಎಂಬ ಹಂಚಿಕೆಯೂ ಇತ್ತು. ಅದು ಬಂದ ದಿನ ನಾನು ಶೆಡ್ಡಿನಲ್ಲಿದ್ದೆ, ಅವಳು ಗೇಟಿನಲ್ಲಿದ್ದಳು. ದಪ್ಪ ಲಕೋಟೆ, ಒಳಗೆ ಅಚ್ಚಾದ ನಕ್ಷೆ. ಅವಳು ಅದನ್ನು ಬಿಡಿಸಿ ಕೆಳಗಿನ ಮೂಲೆಯನ್ನು ನೋಡುವುದನ್ನು ನಾನು ಶೆಡ್ಡಿನ ಬಾಗಿಲಿನಿಂದ ನೋಡಿದೆ. ಓಡಿಹೋಗಲು ಹಿಂದಿನ ಗೋಡೆ ಎಷ್ಟು ಎತ್ತರವಿದೆ ಎಂದೂ ನೋಡಿಕೊಂಡೆ.

"ಅಣ್ಣಾ!" ಎಂದು ಕೂಗುತ್ತ ಅವಳು ಬಂದಳು. ನಕ್ಷೆಯ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಗಿರಿಜ, ಬೆಂಗಳೂರು ಎಂದಿತ್ತು. ಬೇರೆ ಯಾವ ಹೆಸರೂ ಇರಲಿಲ್ಲ.

ಅಣ್ಣಮ್ಮ ಸಿಸ್ಟರ್ ಆ ದಿನ ಹೇಳಿದ ಇಪ್ಪತ್ತು ಮಾತು ಯಾವುವೆಂದು ನನಗೆ ಆಗ ತಿಳಿಯಿತು. ಮುದುಕ ಏಕೆ ನಕ್ಕನೆಂದೂ ತಿಳಿಯಿತು. ಜೊತೆಗಿದ್ದ ವೇಬರನ ಕಾಗದದ ಕೊನೆಯಲ್ಲಿ, ನಿನ್ನ ಅಣ್ಣನಿಗೆ ಮೆಷಿನ್ ಎಣ್ಣೆ ಉಪಯೋಗಕ್ಕೆ ಬಂತೇ ಎಂದು ಕೇಳಿದ್ದ. "ಎಷ್ಟ್ ವಿಚಾರಿಸ್ಕೋತಾರೆ ನೋಡು!" ಎಂದು ಗಿರಿಜ ಮೆಚ್ಚಿಕೊಂಡಳು.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಅವಳು ನಕ್ಷೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಬಂದವರಿಗೆಲ್ಲ ತೋರಿಸಿ, "ನಮ್ಮಣ್ಣ ಅಲ್ಲಿ ನಿಂತು ನನ್ನ ಹೆಸರೇ ಬರೆಸಿ ಬಂದ. ಬೇರೆ ಯಾರಾದ್ರೂ ಆಗಿದ್ರೆ ತಮ್ಮ ಹೆಸರು ಹಾಕಿಸ್ಕೋತಿದ್ರು" ಎನ್ನುತ್ತಾಳೆ. ಹಾಲಿನವನಿಗೆ ಹೇಳಿದ್ದಾಳೆ, ರಹಮತ್ ಭಾಯ್‌ಗೆ ಹೇಳಿದ್ದಾಳೆ, ಸಂಘದವರಿಗೂ ಅವಳೇ ಹೇಳಿದ್ದು. ಈಗ ಅವಳು ಟೀವಿ ಕಾರ್ಖಾನೆ ಬಿಟ್ಟು ನಮ್ಮ ಶೆಡ್ಡನ್ನೇ ನಡೆಸುತ್ತಾಳೆ. ಬಾಟಲಿ ಮುಚ್ಚಳ ನಿಂತುಹೋಗಿ ಪಟ್ಟಿಗಳೇ ಆಗುತ್ತವೆ. ನಾನು ಗೊಣಗದೆ ಒತ್ತಿಕೊಡುತ್ತೇನೆ. ಅದಕ್ಕೂ ಹೊಗಳುತ್ತಾಳೆ. ನಾಲ್ಕು ವರ್ಷದಿಂದ ನನ್ನದಲ್ಲದ ಹೊಗಳಿಕೆಯನ್ನು ತಿಂದು ತಿಂದು ನನಗೆ ಸಾಕಾಗಿಹೋಗಿದೆ.

ಈ ಬರಹವನ್ನು ಮೋಡ, ಹಿಮ, ತಣ್ಣಗಿನ ಬ್ರೆಡ್ಡು ಎಂದು ಮುಗಿಸಿಬಿಡಬೇಕೆಂದೇ ಪೆನ್ನು ಹಿಡಿದಿದ್ದೆ. ಹಾಳೆಗಳು ಬೇರೆ ಕಡೆ ಎಳೆದುಕೊಂಡು ಹೋದವು. ಬರೆದದ್ದನ್ನು ಬರೆದ ಹಾಗೆಯೇ ಒಳಗೆ ಕೊಡುತ್ತ ಬಂದಿದ್ದೇನೆ. ಮುಂಬಯಿಯ ಕಸ್ಟಮ್ಸ್ ಅಧಿಕಾರಿಯ ಹಾಳೆಗೆ ಬಂದಾಗ ಗಿರಿಜ ಜೋರಾಗಿ ನಕ್ಕದ್ದು ಕೇಳಿಸಿತು. "ಅಣ್ಣಾ, ಎಣ್ಣೆ ಹಚ್ಚಿದ್ಯಾ? ಹಚ್ಚಿಲ್ಲ ಅಂದಿದ್ದೆ ಕಳ್ಳ!" ಎಂದು ಅಲ್ಲಿಂದಲೇ ಕೂಗಿದಳು. ಹ್ಞೂಂ ಎಂದೆ.

ಆಮೇಲೆ ಕಾರ್ಖಾನೆಯ ಎರಡು ಹಾಳೆ ಕೊಟ್ಟೆ. ನಗು ಕೇಳಿಸಲಿಲ್ಲ. ಪೆನ್ನು ಕಾಗದದ ಮೇಲೆ ಓಡುವ ಸದ್ದು ಮಾತ್ರ ಇತ್ತು, ಈಗ ಅದೂ ನಿಂತಿದೆ.

"ಇನ್ನೊಂದು ಹಾಳೆ ಇರ್ಬೇಕಲ್ಲ" ಎಂದು ಒಳಗಿನಿಂದ ಕೇಳುತ್ತಿದ್ದಾಳೆ. ಅಣ್ಣಾ ಎಂದು ಸೇರಿಸಲಿಲ್ಲ.

ಇದೇ ಆ ಹಾಳೆ. ಎದ್ದು ಹೋಗಿ ಕೊಡುತ್ತೇನೆ.